ಮಾಳಿಗೆಯ ಮೇಲಿನ ದಿಕ್ಕು

ಚಿಕ್ಕೋಡಿಯ ಆ ಮನೆಗೆ ಕೊಲ್ಹಾಪುರದಿಂದ ಸೊಸೆ ಬಂದ ಮೇಲೆ ಮಾಳಿಗೆಯ ಆಂಟೆನಾಕ್ಕೆ ನೆಮ್ಮದಿಯೆಂಬುದೇ ಇಲ್ಲದಾಯಿತು. ಅದರ ಅಡ್ಡಕಡ್ಡಿಗಳು ಒಂದೇ ದಿಕ್ಕಿಗೆ ಕಿವಿಗೊಡತಕ್ಕವು: ವಾಯವ್ಯಕ್ಕೆ ತಿರುಗಿಸಿದರೆ ಸೊಸೆಯ ಮರಾಠಿ, ದಕ್ಷಿಣಕ್ಕೆ ತಿರುಗಿಸಿದರೆ ಅತ್ತೆಯವರ ಕನ್ನಡ, ಅದೂ ಮಳೆ ಸುರಿದಂತಹ ಪರದೆಯ ಮೇಲೆ. ಹುಡುಗನು ಮೇಲೇರಿ "ಬಂತೇನ್ರೀ?" ಎಂದು ಕೂಗುವ ಕಷ್ಟಕ್ಕೆ ಬೇಸತ್ತು, ಬಂದುದನ್ನೇ ಇಬ್ಬರೂ ಕೂಡಿ ನೋಡಿದ ಸಂಜೆಗಳೇ ಹೆಚ್ಚು.

2004ರ ಡಿಸೆಂಬರಿನಲ್ಲಿ ದೂರದರ್ಶನವು ಉಪಗ್ರಹದಿಂದ ನೇರವಾಗಿ ಮನೆಗಳಿಗೆ ಪ್ರಸಾರವನ್ನಾರಂಭಿಸಿತು. ಮುಂದೆ ಆ ಮಾಳಿಗೆಗೂ ಡಿಶ್ ಏರಿತು. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹವನ್ನರಸಿ ಅದು ಆಗ್ನೇಯಕ್ಕೆ ಮುಖಮಾಡಿ ನಿಂತಿತು. ಎರಡು ಭಾಷೆಗಳೂ ಒಂದೇ ತಂತಿಯಲ್ಲಿಳಿದುವು. ಜೋಡಿಸಿದವನು "ಯಾವ್ದ ಹಚ್ಚಲ್ರೀ?" ಎಂದಾಗ ಅತ್ತೆಯವರೆಂದರು: "ಮೊದಲ ಅಕೀದು ಹಚ್ಚಪಾ. ನಿನ್ನಿ ಕಥಿ ಅರ್ಧಕ್ಕ ನಿಂತೈತಿ."