ಬೇಕನ್ ಕರಗುವ ಹೊತ್ತು

ಎಳ್ಳಮವಾಸಿಗೆಂದು ಬೆಂಗಳೂರಿನಿಂದ ಬಂದ ಅಕ್ಕನ ಮಗ ಥರ್ಮಾಕೋಲ್ ಡಬ್ಬಿಯೊಂದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ರಾತ್ರಿಯಿಡೀ ರೈಲು, ಕಲಬುರಗಿಯಲ್ಲಿ ಇಳಿದು ಬಸ್ಸು, ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಜೇವರ್ಗಿ. ನಾನೂ ಅವ್ವನೂ ಹಿಂದಿನ ದಿನವೇ ಆಳಂದದಿಂದ ಬಂದು ಅಕ್ಕನ ಮನೆಯಲ್ಲಿದ್ದೆವು. ಮುಚ್ಚಳ ತೆಗೆದರೆ ಐಸಿನ ಚೀಲಗಳ ನಡುವೆ ಇಟ್ಟಿಗೆಯಂಥ ಒಂದು ಪೊಟ್ಟಣ.

"ಏನದ ಇದು?" ಎಂದಳು ಅವ್ವ.

"ಬೇಕನ್, ಆಯಿ. ಹಂದಿ ಖಂಡ."

"ರುಚಿನೇ ನೋಡಿಲ್ಲ, ಹೆಂಗ ಬೇಕನ್ಲಿ ಯಪ್ಪಾ?"

ಅಂದಿನಿಂದ ಆ ಪದ ಪರದೇಶದ್ದು ಎಂದು ನನಗೆ ಅನ್ನಿಸುವುದೇ ಇಲ್ಲ. ಬೇಕು ಅನ್, ಬೇಕನ್. ಹೆಸರಿನಲ್ಲೇ ಆಸೆಯನ್ನು ಕಟ್ಟಿಕೊಂಡು ಹುಟ್ಟಿದ ತಿನಿಸು ಇನ್ನೊಂದು ಇದೆಯೇ ಎಂದು ಆ ದಿನವೆಲ್ಲ ಯೋಚಿಸಿದೆ. ಬದನೆಕಾಯಿ ಹಾಗೆ ಕರೆಯುವುದಿಲ್ಲ. ಹೋಳಿಗೆಯೂ ಕರೆಯುವುದಿಲ್ಲ, ಅದಕ್ಕೆ ಕರೆಯುವ ಅಗತ್ಯವೂ ಇಲ್ಲ.

ಆದರೆ ಅಮವಾಸ್ಯೆಯ ದಿನ ಖಂಡದ ಮಾತಿಲ್ಲ. ಅಂದು ಹೊಲಕ್ಕೆ ಹೋಗಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಕಡುಬು, ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವ ದಿನ. ಹಾಗಾಗಿ ಪೊಟ್ಟಣ ಫ್ರಿಜ್ಜಿನ ಕೆಳಗಿನ ಅರೆಗೆ ಹೋಯಿತು. ಒಂದು ಹಗಲು, ಒಂದು ರಾತ್ರಿ. ಅಳಿಯನಿಗೆ ಚಡಪಡಿಕೆ. ಕಟ್ಟೆಯ ಮೇಲೆ ಇಟ್ಟರೆ ಸಂಜೆಯೊಳಗೆ ಕರಗುತ್ತದಲ್ಲ ಮಾಮಾ ಎಂದ. ಕರಗುತ್ತದೆ, ನಿಜ. ಆದರೆ ನಮ್ಮ ಕಡೆ ಚಳಿಗಾಲದ ಮಧ್ಯಾಹ್ನವೂ ಬೆಚ್ಚಗೇ ಇರುತ್ತದೆ. ಒಳಗಿನದು ಇನ್ನೂ ಕಲ್ಲಾಗಿರುವಾಗಲೇ ಹೊರಮೈ ಬಿಸಿಯೇರಿ, ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಜಾತ್ರೆ ಕಟ್ಟುತ್ತವೆ. ಫ್ರಿಜ್ಜಿನ 4 ಡಿಗ್ರಿಯ ಮಬ್ಬಿನಲ್ಲಿ ಆ ಜಾತ್ರೆಗೆ ಜನ ಸೇರುವುದಿಲ್ಲ.

ಮಂಜು ಕರಗುವುದಕ್ಕೆ ಯಾಕಿಷ್ಟು ಹೊತ್ತು ಎಂಬುದು ನನ್ನನ್ನು ಶಾಲೆಯ ದಿನಗಳಿಂದ ಮರುಳು ಮಾಡಿದ ಸಂಗತಿ. 0 ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಅದೇ 0 ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಶಾಖವನ್ನು ಕುಡಿಯುತ್ತದೆ. ಅಷ್ಟು ಶಾಖವಿದ್ದರೆ ಆ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು! ಇಷ್ಟೆಲ್ಲ ಕುಡಿದರೂ ಉಷ್ಣಮಾಪಕದ ಪಾದರಸ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಕಂಡು ಹೇಳಿದ. ನಾವು ಗುಪ್ತೋಷ್ಣ ಎಂದು ಓದಿದೆವು. ಎಷ್ಟು ಒಳ್ಳೆಯ ಹೆಸರು. ಹೊರಗೆ ಏನೂ ನಡೆಯುತ್ತಿಲ್ಲ ಎಂದು ಕಾಣುವಾಗ ಒಳಗೆ ಎಲ್ಲವೂ ನಡೆಯುತ್ತಿರುತ್ತದೆ. ನಾವು ಹೊಲದಲ್ಲಿ ಬನ್ನಿ ಗಿಡದ ನೆರಳಿಗೆ ಕಂಬಳಿ ಹಾಸಿ ಭಜ್ಜಿ ಉಣ್ಣುತ್ತಿದ್ದಾಗ, ಹಸಿ ತೊಗರಿ ಕಾಳು ಹಲ್ಲಿಗೆ ಸಿಕ್ಕಾಗ, ಅಕ್ಕ ಇನ್ನೊಂದು ಕಡುಬು ಹಾಕಿದಾಗ, ಅಲ್ಲಿ ಮನೆಯ ಕತ್ತಲ ಅರೆಯಲ್ಲಿ ಆ ಇಟ್ಟಿಗೆ ಗುಟ್ಟಾಗಿ ಶಾಖ ಕುಡಿಯುತ್ತಿತ್ತು. ಇದಕ್ಕೆ ನಾನಿಟ್ಟುಕೊಂಡ ಹೆಸರು ಕರಗೆಚ್ಚರ. ಮಲಗಿದ ಮಗುವನ್ನು ಜಗ್ಗಿ ಎಬ್ಬಿಸದೆ, ಕಿಟಕಿ ತೆರೆದು ಬೆಳಕು ಬಿಟ್ಟು ಸುಮ್ಮನಿದ್ದರೆ ತಾನೇ ಏಳುತ್ತದಲ್ಲ, ಅಂಥ ಎಚ್ಚರ.

ಮರುದಿನ ಪೊಟ್ಟಣ ಮೆತ್ತಗಾಗಿತ್ತು. ಬೇಯಿಸಿದ್ದು ಮನೆಯಲ್ಲಲ್ಲ, ಹೊಲದ ಗುಡಿಸಲಿನಲ್ಲಿ. ಅಕ್ಕನ ಓಣಿಯಲ್ಲಿ ಹಂದಿ ಮುಟ್ಟದ ಮನೆಗಳಿವೆ, ಖಂಡವನ್ನೇ ಮುಟ್ಟದ ಮನೆಗಳಿವೆ. ಎಲ್ಲರೂ ಹಬ್ಬದ ಬುತ್ತಿ ಹಂಚಿಕೊಂಡು ಉಂಡವರು. ವಾಸನೆಗೆ ಗೋಡೆ ತಡೆಯಲ್ಲ, ನೆರೆಯವರ ಮನಸ್ಸು ನಮಗೆ ದೊಡ್ಡದು.

ಕತ್ತರಿಯಿಂದ ತುದಿ ಕತ್ತರಿಸಿ ಬಿಚ್ಚಿದರೆ ತೆಳ್ಳನೆಯ ಪಟ್ಟಿಗಳು ಒಂದರ ಮೇಲೊಂದು. ಹಂದಿಯ ಹೊಟ್ಟೆಭಾಗದ ಖಂಡ; ಉಪ್ಪಿನಲ್ಲಿ ಪಳಗಿ, ಹೊಗೆಯಲ್ಲಿ ಕುಳಿತು ಬಂದದ್ದು. ಬಿಳಿ, ಕೆಂಪು, ಮತ್ತೆ ಬಿಳಿ. ಶಹಾಬಾದಿನ ಗಣಿಯಲ್ಲಿ ಪರಸಿ ಕಲ್ಲನ್ನು ಉಳಿ ಇಟ್ಟು ಪದರು ಪದರಾಗಿ ಬಿಡಿಸುವುದನ್ನು ಕಂಡವರಿಗೆ ಈ ಪಟ್ಟಿಗಳನ್ನು ಬಿಡಿಸುವ ಸುಖ ಹೇಳಿಕೊಡಬೇಕಿಲ್ಲ. ಹೆಪ್ಪುಗಟ್ಟಿದ್ದಾಗ ಜಗ್ಗಿದ್ದರೆ ಹರಿಯುತ್ತಿತ್ತು. ಈಗ ಬೆರಳ ತುದಿಯಲ್ಲಿ ಮೂಲೆ ಎತ್ತಿದರೆ ಸಾಕು, ಸಣ್ಣದೊಂದು ಸದ್ದು ಮಾಡಿ ತಾನೇ ಬಿಟ್ಟುಕೊಡುತ್ತದೆ.

ಅವ್ವ ಒಂದು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮ ಒಣಖಂಡದ ವಾಸನಿ ಅದ" ಎಂದಳು.

ಅವಳ ತವರು ಅಫಜಲಪುರ. ಜಾತ್ರೆಯ ಕುರಿ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಆಗ ಫ್ರಿಜ್ಜೂ ಇಲ್ಲ. ಉಳಿದ ಖಂಡವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ, ಅಂಗಳದ ಹಗ್ಗಕ್ಕೆ ಬಟ್ಟೆಯಂತೆ ಒಣಹಾಕುತ್ತಿದ್ದರು. ಕಾಗೆ ಕಾಯುವ ಕೆಲಸ ಹುಡುಗರದು. ಆ ಕೆಲಸ ನಾನೂ ಮಾಡಿದ್ದೇನೆ, ಕೈಯಲ್ಲಿ ತೊಗರಿ ಕಟ್ಟಿಗೆ ಹಿಡಿದು, ನೆತ್ತಿಯ ಮೇಲೆ 40 ಡಿಗ್ರಿ ದಾಟಿದ ಬಿಸಿಲು ಹೊತ್ತು. ಮೂರು ದಿನದಲ್ಲಿ ಖಂಡ ಚರ್ಮದ ಬಾರಿನಂತಾಗಿ ಗಡಿಗೆ ಸೇರುತ್ತಿತ್ತು. ಮಳೆಗಾಲದಲ್ಲಿ ಕಾಯಿಪಲ್ಲೆ ಸಿಗದ ದಿನ ಅದನ್ನು ತೆಗೆದು ನೀರಲ್ಲಿ ನೆನೆಹಾಕುವುದು. ಅಲ್ಲಿಯೂ ಕಾಯುವುದೇ ಕಾಯುವುದು. ಚಳಿಯ ನಾಡಿನವರಿಗೆ ಖಂಡ ಉಳಿಸಿಕೊಟ್ಟದ್ದು ಚಳಿ, ಕೊಡಗಿನ ಮಳೆಯಲ್ಲಿ ಒಲೆಯ ಮೇಲಿನ ಹೊಗೆ, ನಮಗೆ ಬಿಸಿಲು. ಉಪ್ಪು ಮಾತ್ರ ಮೂವರ ಮನೆಯಲ್ಲೂ ಒಂದೇ.

ಒಲೆಗೆ ಬೆಂಕಿ ಹಾಕುವ ಮೊದಲೇ ಪಟ್ಟಿಗಳನ್ನು ತಣ್ಣನೆಯ ಹಂಚಿನ ಮೇಲೆ ಹಾಸಿದೆವು. ಕಾದ ಹಂಚಿಗೆ ಬಿದ್ದರೆ ಹೊರಗೆ ಸೀದು ಒಳಗಿನ ಕೊಬ್ಬು ಹಾಗೇ ಉಳಿಯುತ್ತದೆ. ಹಂಚಿನ ಜೊತೆಗೇ ಕಾದರೆ ಕೊಬ್ಬು ಮೊದಲು ಇಳಿಯುತ್ತದೆ, ಖಂಡ ತನ್ನದೇ ಎಣ್ಣೆಯಲ್ಲಿ ಬೇಯುತ್ತದೆ. ತೊಗರಿ ಕಟ್ಟಿಗೆ ಭರ್ರನೆ ಉರಿಯುವ ಜಾತಿ. ಅಕ್ಕ ಒಂದೊಂದೇ ಕಡ್ಡಿ ಹಿಂದಕ್ಕೆ ಎಳೆದು ಉರಿ ಸಣ್ಣ ಮಾಡಿದಳು. ಮೊದಲು ಬಿಳಿಯ ಭಾಗ ಗಾಜಿನಂತೆ ತಿಳಿಯಾಯಿತು. ಅಂಚು ಅಲೆಅಲೆಯಾಗಿ ಮುದುಡಿತು. ಚಿಟಿಚಿಟಿ ಸದ್ದು ದಟ್ಟವಾಗಿ, ನೊರೆಯೆದ್ದು, ಆಮೇಲೆ ನೊರೆ ತಗ್ಗಿ, ಬಣ್ಣ ಹೊಸ ಬೆಲ್ಲದಂತಾಯಿತು. ಆ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ.

ನಿನ್ನೆಯ ಭಜ್ಜಿ ಉಳಿದಿತ್ತು. ಭಜ್ಜಿಯ ನಿಜವಾದ ರುಚಿ ಮರುದಿನದ್ದೇ. ಕಡಕಾದ ಸಜ್ಜಿ ರೊಟ್ಟಿ, ಜಜ್ಜಿದ ಉಳ್ಳಾಗಡ್ಡಿ, ತಣ್ಣನೆಯ ಭಜ್ಜಿ, ಅದರ ಮೇಲೆ ಬಿಸಿಬಿಸಿ ಬೇಕನ್. ಎಳ್ಳು, ಸಜ್ಜೆ, ಹೊಗೆ, ಕೊಬ್ಬು. ನಾನು ಕಣ್ಣು ಮುಚ್ಚಿಕೊಂಡು ತಿಂದೆ.

ಅವ್ವ ಒಂದು ಚೂರು ಮುರಿದು ಬಾಯಿಗಿಟ್ಟು, ನಿಧಾನಕ್ಕೆ ಅಗಿದಳು. ಅಳಿಯ ಅವಳ ಮುಖವನ್ನೇ ನೋಡುತ್ತಿದ್ದ.

"ಉಪ್ಪು ಭಾಳ ಆಗ್ಯಾದ. ಒಂದ್ ಘಳಿಗಿ ನೀರಾಗ ಹಾಕಬೇಕಿತ್ತು."

ಅಷ್ಟೇ ಹೇಳಿ ಎದ್ದಳು. ಪೊಟ್ಟಣದಲ್ಲಿ ಇನ್ನೂ ನಾಲ್ಕು ಪಟ್ಟಿ ಉಳಿದಿದ್ದವು. ಹರವಿಯಿಂದ ಒಂದು ತಂಬಿಗೆ ತಣ್ಣೀರು ಬಗ್ಗಿಸಿ, ಬಟ್ಟಲಿಗೆ ಹಾಕಿ, ಅವನ್ನು ಒಂದೊಂದಾಗಿ ಅದರಲ್ಲಿ ಇಳಿಬಿಟ್ಟು, ಮೇಲೆ ತಾಟು ಮುಚ್ಚಿ ಒಲೆಯ ಹತ್ತಿರ ಕುಳಿತಳು.