ಕಡಲಾಚೆಯ ಕರೆ
ಹಡಗನ್ನೇರುವ ಮಗನು ಮರಳಿ ಬಾರನೆಂದು ಬಗೆದು, ಐರ್ಲೆಂಡಿನ ಹಳ್ಳಿಗರು ಹಿಂದಿನ ಇರುಳೆಲ್ಲ ಜಾಗರಣೆಯಿದ್ದು, ಸತ್ತವನಿಗೆಂಬಂತೆ ಅತ್ತು ಬೀಳ್ಕೊಡುತ್ತಿದ್ದರು. ೧೮೪೫ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಕ್ಷಾಮವೆರಗಿದ ಮೇಲೆ, ಹೀಗೆ ನಾಡು ತೊರೆದವರು ಹತ್ತು ಲಕ್ಷಕ್ಕೂ ಮಿಕ್ಕು.

ಅವರ ಮರಿಮಕ್ಕಳು ಇಂದು ಅಮೆರಿಕದಿಂದ ಹಿರಿಯರ ಊರನ್ನರಸಿ ಬರುತ್ತಾರೆ. ಆದರೆ ೧೯೨೨ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಫ್ತರಖಾನೆ ಉರಿದು, ಕ್ಷಾಮಕಾಲದ ಜನಗಣತಿಯ ಕಡತಗಳು ಬಹುಮಟ್ಟಿಗೆ ಬೂದಿಯಾದವು.

ಆಗ ಆಸರೆಯಾಗುವುದು ಹಳೆಯ ವೃತ್ತಪತ್ರಿಕೆ. ಬೋಸ್ಟನ್ನಿನ 'ಪೈಲಟ್' ೧೮೩೧ರಿಂದ ೧೯೨೧ರವರೆಗೆ ಕಾಣೆಯಾದ ಬಂಧುಗಳನ್ನು ಕುರಿತ ಪ್ರಕಟಣೆಗಳನ್ನು ಅಚ್ಚುಮಾಡಿತು. ಇಂಥ ಊರಿನವನು, ಇಂಥ ವರುಷ ಬಂದಿಳಿದವನು, ಈಗೆಲ್ಲಿರುವನು ಎಂದು ಅಕ್ಕ ತಮ್ಮನನ್ನು, ಮಡದಿ ಗಂಡನನ್ನು ಹುಡುಕುತ್ತಿದ್ದಳು. ಅಂದು ತಮ್ಮನ ಕಿವಿಗೆ ಬಿತ್ತೋ ಇಲ್ಲವೋ! ಆ ಕೂಗಿನಲ್ಲಿ ಹುಟ್ಟೂರಿನ ಹೆಸರನ್ನು ಕಂಡ ಮರಿಮಗನು ಓಗೊಟ್ಟು ಹೊರಡುತ್ತಾನೆ. ಒಮ್ಮೊಮ್ಮೆ ಅಲ್ಲಿ ಬಾಗಿಲು ತೆರೆಯುವವರು ಅದೇ ಮನೆತನದವರು.