ಗಾಂಧಿ ನಿಲಯದಲ್ಲಿ ರೂಮು ಸಿಗುತ್ತಾ ಮಾಮ?

ಸಂಜೆ ಕಾರು ಓಡಿಸುವವರು ಯಾರು ಎಂಬ ಪ್ರಶ್ನೆಯನ್ನು ವೈನಿನ ರುಚಿ ನೋಡಲು ಹೊರಟವರು ಮನೆಯಲ್ಲಿ ಕೇಳಿಕೊಳ್ಳುವುದಿಲ್ಲ. ಮೂರನೆಯ ಗ್ಲಾಸಿನ ಹೊತ್ತಿಗೆ ಅದು ತಾನಾಗಿಯೇ ಏಳುತ್ತದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಗುಂಪಿನಲ್ಲಿ ಹೊಸದಾಗಿ ಮದುವೆಯಾದವನ ಕಡೆ ತಿರುಗುತ್ತಾರೆ. ಅವನ ಹೆಂಡತಿ ಜೊತೆಯಲ್ಲಿದ್ದರೆ ಅವಳ ಕಡೆ. ಕಾಯಿದೆಗಂತೂ ಬಿಯರೂ ಒಂದೇ, ಷಿರಾಜೂ ಒಂದೇ. ನೂರು ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿತೋ, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗಾಗಿ ಈ ಪ್ರವಾಸದಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಹಾಸಿಗೆ, ಬಾಟಲಿ ಆಮೇಲೆ ಎಂಬುದು ನನ್ನ ಪಕ್ಷ.

ಈ ವಿಷಯದಲ್ಲಿ ನನ್ನನ್ನು ಕೇಳಲು ಕಾರಣವಿದೆ. ನಾನು ಮಂಡಿಕಲ್ಲಿನವನು. ನಮ್ಮ ಸೀಮೆಯವರೆಂದರೆ ನಂದಿಬೆಟ್ಟದ ರೂಮುಗಳ ಬೀಗದ ಕೈಗಳೆಲ್ಲ ನಮ್ಮ ಸೊಂಟದಲ್ಲೇ ತೂಗುತ್ತಿವೆ ಎಂದು ಬೆಂಗಳೂರಿನ ನೆಂಟರ ನಂಬಿಕೆ. ಅಕ್ಕನ ಮಗ ಫೋನು ಮಾಡಿದ: “ನಾವೊಂದು ನಾಲ್ಕು ಜನ ವೈನ್ ಟೇಸ್ಟಿಂಗಿಗೆ ಬರ್ತಾ ಇದೀವಿ. ಗಾಂಧಿ ನಿಲಯದಲ್ಲಿ ರೂಮು ಸಿಗುತ್ತಾ ಮಾಮ? ಫೋಟೋದಲ್ಲಿ ತುಂಬಾ ಚೆನ್ನಾಗಿದೆ.”

ಅವನು ತಮಾಷೆಗೆ ಕೇಳಿದ್ದಲ್ಲ, ಅದೇ ತಮಾಷೆ. 1927ರಲ್ಲಿ ರಕ್ತದೊತ್ತಡ ಏರಿ ಪ್ರವಾಸ ನಿಲ್ಲಿಸಬೇಕಾಗಿ ಬಂದಾಗ ಗಾಂಧೀಜಿ ಮೈಸೂರು ಸಂಸ್ಥಾನದ ಅತಿಥಿಯಾಗಿ ಈ ಬೆಟ್ಟದ ಮೇಲೆ ವಾರಗಟ್ಟಲೆ ವಿಶ್ರಾಂತಿ ತೆಗೆದುಕೊಂಡರು. ಜೀವಮಾನವಿಡೀ ಪಾನನಿರೋಧಕ್ಕೆ ಹೋರಾಡಿದ ಮುದುಕ. ಮೇಕೆ ಹಾಲಿಗಿಂತ ಗಟ್ಟಿಯಾದದ್ದೇನನ್ನೂ ಮುಟ್ಟದವರ ಹೆಸರಿನ ಮನೆಯಲ್ಲಿ, ಷಿರಾಜ್ ಕುಡಿದು ಬಂದವರು ಕೆಂಪು ಹಲ್ಲಿನಲ್ಲಿ ಮಲಗುವುದು ನನಗೇನೋ ಸರಿಬರಲಿಲ್ಲ. ಪಕ್ಕದ ನೆಹರೂ ನಿಲಯಕ್ಕೆ ಇಂಥ ತಕರಾರು ಬಾರದು ಅನಿಸುತ್ತದೆ. ಕೆಎಸ್‌ಟಿಡಿಸಿಯವರ ಮಯೂರ ಪೈನ್ ಟಾಪ್ ಕೂಡ ಅಲ್ಲೇ ಮೇಲಿದೆ. ಆದರೆ ಬೆಟ್ಟದ ತೊಡಕು ಬೇರೆ. ಸುತ್ತಿ ಸುತ್ತಿ ಏರುವ ಆ ದಾರಿಯಲ್ಲಿ, ಹೊಟ್ಟೆಯಲ್ಲಿ ಐದು ಬಗೆಯ ವೈನು ಇಟ್ಟುಕೊಂಡು 1478 ಮೀಟರ್ ಎತ್ತರಕ್ಕೆ ಹೋಗುವುದು ಓಡಿಸುವವನಿಗೂ ಶಿಕ್ಷೆ, ಹಿಂದೆ ಕೂತವನಿಗೂ ಶಿಕ್ಷೆ. ಬೆಳಗ್ಗೆ ಎದ್ದರೆ ಮೋಡ. ಬೆಂಗಳೂರಿನ ಅರ್ಧ ಜನ ನಾಲ್ಕು ಗಂಟೆಗೇ ಎದ್ದು ಬೈಕಿನಲ್ಲಿ ಬಂದು ಅದೇ ಮೋಡದೊಳಗೆ ನಿಂತಿರುತ್ತಾರೆ. ತಲೆ ಭಾರವಾದವನಿಗೆ ಆ ಹಾರನ್ನು ಕೇಳಬಾರದು.

ಇಷ್ಟೆಲ್ಲ ಓಡಾಟಕ್ಕೆ ಮೂಲವಾದ ತೋಟ ಬೆಟ್ಟದ ಬುಡದಾಚೆ, ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿದೆ. ಫ್ರಾನ್ಸಿನ ವೈನಿಗೆ ಮನಸೋತಿದ್ದ ಉದ್ಯಮಿ ಕನ್ವಲ್ ಗ್ರೋವರ್, ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞರನ್ನು ಜೊತೆಗಿಟ್ಟುಕೊಂಡು 1988ರಲ್ಲಿ ಅಲ್ಲಿ ಫ್ರೆಂಚ್ ತಳಿಗಳ ತೋಟ ಶುರುಮಾಡಿದರು. ಆಮೇಲೆ ಬೋರ್ಡೋದ ಮಿಷೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಜಗತ್ತಿನ ಹೆಸರಾಂತ ತೋಟಗಳೆಲ್ಲ ಕರೆಸಿಕೊಳ್ಳುವ ಮನುಷ್ಯ ದೊಡ್ಡಬಳ್ಳಾಪುರದ ಧೂಳಿನಲ್ಲಿ ನಡೆದಾಡಿದರು ಎನ್ನುವುದು ನಮಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಮ್ಮಣ್ಣು, ಇವು ಅವರನ್ನು ಇಲ್ಲಿಗೆ ಎಳೆದವು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಸೀಮೆಗಳನ್ನು ಗುರುತಿಸಿತು, ವೈನ್ ಬೋರ್ಡನ್ನೂ ಮಾಡಿತು. ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಯಾವುದರ ಸಂಭ್ರಮಕ್ಕೆ ಯಾವುದು ಎಂದು ನಾನು ಕೇಳುವುದಿಲ್ಲ.

ಫ್ರಾನ್ಸಿನ ಹಳ್ಳಿಗಳಲ್ಲಿ ವೈನು ಮಾಡುವವನೇ ಮನೆಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಬಿಡುವುದುಂಟು. ಬೆಳಗ್ಗೆ ಅವನ ಹೆಂಡತಿ ರೊಟ್ಟಿ, ಜಾಮು ಕೊಡುತ್ತಾಳೆ. ಸಂಜೆ ನೆಲಮಾಳಿಗೆಯಿಂದ ಮಹಡಿಗೆ ಮೆಟ್ಟಿಲು ಹತ್ತಿದರೆ ಆಯಿತು, ಪೊಲೀಸರಿಗೆ ಆ ಮೆಟ್ಟಿಲ ಮೇಲೆ ಅಧಿಕಾರವಿಲ್ಲ. ನಾಸಿಕದಲ್ಲಿ ಸುಲಾ ಕಂಪನಿಯವರು ತೋಟದ ಬಳಿಯೇ ರೆಸಾರ್ಟು ಕಟ್ಟಿ ಆ ಮೆಟ್ಟಿಲನ್ನು ಸ್ವಲ್ಪ ದುಬಾರಿ ಮಾಡಿದರು. ನಮ್ಮ ಕಡೆ ವೈನ್ ಪ್ರವಾಸವೆಂದರೆ ಹೆಚ್ಚಾಗಿ ಹಗಲಿನ ಕೆಲಸ. ತೋಟ ಸುತ್ತು, ಪೀಪಾಯಿ ನೋಡು, ಗ್ಲಾಸು ತಿರುಗಿಸಿ ಮೂಸು, ಬಾಯಿಯಲ್ಲಿ ಹೊರಳಿಸು, ಊಟ ಮಾಡು, ಹೊರಡು. ತಿಳಿದವರು ಬಾಯಿಯಲ್ಲಿದ್ದುದನ್ನು ಪಕ್ಕದ ಪಾತ್ರೆಗೆ ಉಗುಳಿ ಮುಂದಿನ ಗ್ಲಾಸಿಗೆ ಹೋಗುತ್ತಾರೆ. ದುಡ್ಡು ಕೊಟ್ಟ ಕನ್ನಡಿಗ ಉಗುಳಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಉಳಿಯುವುದೆಲ್ಲಿ? ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತ ನಕ್ಷತ್ರದ ಹೋಟೆಲುಗಳಿವೆ. ಅಲ್ಲಿ ಮಲಗಿದರೆ ಬೆಳಗಾಗೆದ್ದಾಗ ದುಬೈಯೋ ದೆಹಲಿಯೋ ತಿಳಿಯದು. ಚಿಕ್ಕಬಳ್ಳಾಪುರದ ಲಾಡ್ಜುಗಳು ಮಾರುಕಟ್ಟೆಗೆ ಬಂದವರಿಗೆ ಹೇಳಿಮಾಡಿಸಿದವು, ಎರಡು ಗಂಟೆ ರಾತ್ರಿಯಿಂದ ಟೊಮೆಟೊ ಕ್ರೇಟು ಎಣಿಸುವ ಸದ್ದು ಪುಕ್ಕಟೆ. ಇನ್ನು ಬೆಟ್ಟದ ತಪ್ಪಲಿನ ರೆಸಾರ್ಟು. ಈಜುಕೊಳ, ಕ್ಯಾಂಪ್‌ಫೈರು, ಸ್ಪೀಕರು. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಎದ್ದು ನಿಂತ ಮೇಲೆ ಶನಿವಾರ ಭಾನುವಾರ ಆ ರಸ್ತೆಗಳು ಯಾರ ಯೋಗಕ್ಕೂ ಬಗ್ಗುವುದಿಲ್ಲ. ಕೆರೆ ಕಾಣುವ ರೂಮು ಬೇಕು ಎನ್ನುವವರಿಗೂ ಈಗ ಅನುಕೂಲವಾಗಿದೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಹೆಬ್ಬಾಳ-ನಾಗವಾರ ಕಣಿವೆಯಲ್ಲಿ ಶುದ್ಧಮಾಡಿ ಕಂದವಾರ ಕೆರೆಯಂಥ ನಮ್ಮ ಕೆರೆಗಳಿಗೆ ಹರಿಸುತ್ತಾರಲ್ಲ, ನಗರದವರು ತಾವೇ ಸ್ನಾನ ಮಾಡಿದ ನೀರನ್ನು ದುಡ್ಡು ಕೊಟ್ಟು ಬಾಲ್ಕನಿಯಿಂದ ನೋಡಬಹುದು.

“ಮಂಡಿಕಲ್ಲಿಗೇ ಬಂದುಬಿಡ್ರೋ” ಎಂದೆ. “ರುಚಿ ಅಲ್ಲಿ ನೋಡಿ, ಮಲಗೋದು ಚಿಕ್ಕಮ್ಮನ ಮನೇಲಿ. ನಾನೇ ಓಡಿಸ್ತೀನಿ, ನನಗೆ ಶುಗರು, ಕುಡಿಯೋ ಹಾಗಿಲ್ಲ.”

ಲೆಕ್ಕದಲ್ಲಿ ಇದು ಮೂರ್ಖತನ. ತೋಟವಿರುವುದು ಜಿಲ್ಲಾ ಕೇಂದ್ರದ ದಕ್ಷಿಣಕ್ಕೆ, ನಮ್ಮ ಹೋಬಳಿ ಉತ್ತರಕ್ಕೆ, ಹೈದರಾಬಾದ್ ಹೆದ್ದಾರಿ ಬಿಟ್ಟು ಒಳಗೆ. ದಾರಿ ಖಾಲಿಯಿದ್ದರೂ ಗಂಟೆ ಹಿಡಿಯುತ್ತದೆ. ಆದರೆ ವೈನಿನ ರುಚಿ ನೋಡುವವರು ಒಂದು ರಾತ್ರಿಯಾದರೂ ದ್ರಾಕ್ಷಿ ಬೆಳೆಯುವವರ ನಡುವೆ ಇರಬೇಕೆಂಬುದು ನನ್ನ ಹಟ. ಗ್ಲಾಸಿನಲ್ಲಿ ಚೆರ್ರಿ ಕಂಡಿತು, ಮೆಣಸು ಕಂಡಿತು, ತೊಗಲಿನ ವಾಸನೆ ಬಂತು ಎನ್ನುವವರಿಗೆ ದ್ರಾಕ್ಷಿಯೊಂದು ಕಾಣದೆ ಹೋಗಬಾರದಲ್ಲ.

ನಮ್ಮಲ್ಲಿ ಕಾಣುವುದು ವೈನಿನ ದ್ರಾಕ್ಷಿಯಲ್ಲ, ತಿನ್ನುವ ದ್ರಾಕ್ಷಿ. ದಿಲ್‌ಖುಷ್, ಶರದ್, ಬೆಂಗಳೂರು ಬ್ಲೂ. ಕಲ್ಲುಕಂಬ ನಿಲ್ಲಿಸಿ, ತಲೆಯ ಮೇಲೆ ತಂತಿಯ ಚಪ್ಪರ ಹಾಕಿ, ಅದರ ಕೆಳಗೆ ಗೊಂಚಲು ಇಳಿಬಿಡುತ್ತಾರೆ. ರಘುನಾಥಪುರದಲ್ಲಿ ಬಳ್ಳಿಗಳು ಸೊಂಟದೆತ್ತರದ ಬೇಲಿಯ ಹಾಗೆ ಸಾಲುಗಟ್ಟಿರುತ್ತವೆ. ತಿನ್ನುವ ಹಣ್ಣು ದಪ್ಪಗಾಗಲಿ ಎಂದು ನಮ್ಮವರು ಜಿಎ ಔಷಧದಲ್ಲಿ ಗೊಂಚಲನ್ನು ಅದ್ದಿದರೆ, ವೈನಿನವರು ಹಣ್ಣು ಸಣ್ಣದೇ ಇರಲಿ ಎನ್ನುತ್ತಾರೆ. ಬಣ್ಣ, ಒಗರು ಎಲ್ಲ ಸಿಪ್ಪೆಯಲ್ಲಿದೆ, ನೀರು ತುಂಬಿದ ಹಣ್ಣಿನಿಂದ ಅವರಿಗೇನು ಲಾಭ? ಬೆಂಗಳೂರು ಬ್ಲೂದ ಕಥೆ ಇನ್ನೂ ಸ್ವಾರಸ್ಯ. ಭೌಗೋಳಿಕ ಸೂಚಕ ಪಡೆದ ನಮ್ಮ ಹೆಮ್ಮೆಯ ಹಣ್ಣು ಮೂಲದಲ್ಲಿ ಅಮೆರಿಕದ ಇಸಬೆಲ್ಲಾ ತಳಿಯೇ ಎನ್ನುತ್ತಾರೆ ಬಲ್ಲವರು. ಆ ಇಸಬೆಲ್ಲಾದಿಂದ ವೈನು ಮಾಡಿ ಮಾರಕೂಡದೆಂದು ಫ್ರಾನ್ಸು 1930ರ ದಶಕದಲ್ಲೇ ನಿಷೇಧ ಹಾಕಿತು. ಅವರಿಗೆ ಅದರ ಘಾಟು ಒಗ್ಗಲಿಲ್ಲ. ನಮಗೆ ದ್ರಾಕ್ಷಿಯೆಂದರೆ ಆ ಘಾಟೇ.

ಹುಡುಗರು ಫೆಬ್ರವರಿಯಲ್ಲಿ ಬಂದರು. ಗ್ಲಾಸುಗಳ ಕೆಲಸ ಮುಗಿಸಿ ಮಂಡಿಕಲ್ ಸೇರುವಾಗ ಕತ್ತಲೆ. ಮುದ್ದೆ, ನಾಟಿಕೋಳಿ ಸಾರು. ಮಂಚ ಮೂರೇ ಇದ್ದವು, ಒಬ್ಬ ಜಗಲಿಯಲ್ಲಿ ಮಲಗಿದ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದು ಬೋರಿನ ಮೋಟಾರು ಹೊಡೆಯಿತು, ಸಾವಿರ ಅಡಿ ಮೀರಿದ ಆಳದಿಂದ ಎರಡಿಂಚು ನೀರು. ಜಗಲಿಯವನು ಬೆಚ್ಚಿ ಎದ್ದು ಟಾರ್ಚು ಹಿಡಿದವರ ಹಿಂದೆ ತೋಟಕ್ಕೆ ಹೋಗಿಬಿಟ್ಟಿದ್ದ.

ಬೆಳಗ್ಗೆ ಪಕ್ಕದ ತೋಟದಲ್ಲಿ ಡ್ರಮ್ಮಿನ ಸುತ್ತ ನಿಂತು ಒಬ್ಬರು ನೀಲಿ ನೀರು ಕಲಸುತ್ತಿದ್ದರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. “ಏನ್ಸಾರ್ ಇದು?” ಎಂದು ಹುಡುಗರು ಕೇಳಿದರೆ, “ಬೋರ್ಡೋ ಸಾಮಿ, ಬೂಜು ರೋಗಕ್ಕೆ” ಅಂದರು. ಹಿಂದಿನ ದಿನವಷ್ಟೇ ಬೋರ್ಡೋ ವೈನಿನ ಮಹಿಮೆ ಕೇಳಿ ಬಂದಿದ್ದ ನಾಲ್ವರೂ ಡ್ರಮ್ಮನ್ನು ಭಕ್ತಿಯಿಂದ ನೋಡಿದರು. ಆ ಭಕ್ತಿ ಅಸ್ಥಾನದಲ್ಲೇನೂ ಇರಲಿಲ್ಲ. ಬೋರ್ಡೋ ಬಳಿಯ ಮೆಡೊಕ್‌ನಲ್ಲಿ ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಈ ಮೈಲುತುತ್ತ ಸುಣ್ಣ ಎರಚುತ್ತಿದ್ದರು, ವಿಷವೆಂದು ಕಾಣುವ ಹಾಗೆ. ರೋಗ ಬಂದು ತೋಟದ ಒಳಗಿನ ಎಲೆಗಳೆಲ್ಲ ಉದುರಿದಾಗ ರಸ್ತೆ ಬದಿಯವು ಹಸಿರಾಗಿ ನಿಂತಿದ್ದವು. ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಅದನ್ನು 1882ರಲ್ಲಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಅಲ್ಲಿಂದ ಹೊರಟ ಕಳ್ಳರ ಮದ್ದು ಮಂಡಿಕಲ್ಲಿನ ಪ್ಲಾಸ್ಟಿಕ್ ಡ್ರಮ್ಮಿಗೆ ಬಂದು ಸೇರಿದೆ. ಮಿಷೆಲ್ ರೋಲಾನ್‌ಗಿಂತ ಬಹಳ ಮುಂಚೆಯೇ ಬಂದಿದ್ದು, ಸಲಹಾ ಶುಲ್ಕವಿಲ್ಲದೆ.

ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿನದಕ್ಕೆ ಆ ನಿದ್ದೆ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತಾರೆ, ಏಪ್ರಿಲಿನಲ್ಲಿ ಕಡ್ಡಿಗಾಗಿ, ಮಳೆಗಾಲದ ಕೊನೆಗೆ ಹಣ್ಣಿಗಾಗಿ. ಇದನ್ನು ಚಿಕ್ಕಮ್ಮ ಅವರಿಗೆ ವಿವರಿಸುತ್ತಿದ್ದಾಗ ಜಗಲಿಯವನು, “ನಾವೂ ಹಾಗೇ ಅಜ್ಜಿ, ಅಪ್ರೈಸಲ್ಲು ವರ್ಷಕ್ಕೆ ಎರಡು ಸಲ” ಎಂದ.

ತಿಂಡಿಯ ಹೊತ್ತಿಗೆ ಅಕ್ಕನ ಮಗ ತಾನು ಕೊಂಡಿದ್ದ ಬಾಟಲಿ ತೋರಿಸಿದ. ಚಿಕ್ಕಮ್ಮ ಕೈಯಲ್ಲಿ ತೂಗಿ ನೋಡಿ ಬೆಲೆ ಕೇಳಿದರು. ಅವನು ಹೇಳಿದ, ಸ್ವಲ್ಪ ಇಳಿಸಿಯೇ ಹೇಳಿದ.

“ಎಷ್ಟು ಹಣ್ಣು ಹಾಕ್ತಾರೆ ಇದಕ್ಕೆ?”

“ಒಂದು ಕೇಜಿ, ಸ್ವಲ್ಪ ಮೇಲೆ ಅಂತೆ ಅಜ್ಜಿ.”

“ಒಂದು ಕೇಜಿನಾ! ನಮ್ ತೋಟಕ್ಕೆ ಬಂದು ಕೇಜಿ ಯಾವ ರೇಟಿಗೆ ತಗೊಂಡೋಗ್ತಾರೆ ಗೊತ್ತಾ? ಮಿಕ್ಕ ದುಡ್ಡೆಲ್ಲ ಯಾತಕ್ಕೆ?”

“ಬಾಟಲಿಗೆ, ಲೇಬಲ್ಲಿಗೆ, ಟ್ಯಾಕ್ಸಿಗೆ. ಈ ಬಿರಡೆ ನೋಡಿ, ಪೋರ್ಚುಗಲ್ ಕಡೆ ಮರದ ತೊಗಟೆಯಲ್ಲಿ ಮಾಡ್ತಾರೆ.”

ಚಿಕ್ಕಮ್ಮ ಬಿರಡೆಯನ್ನು ಉಗುರಿನಿಂದ ಒತ್ತಿ ನೋಡಿದರು. “ಕುಡಿದಾದ ಮೇಲೆ ಇದನ್ನ ಬಿಸಾಕಬೇಡ. ಮಾಮನ ಕೈಲಿ ಕಳಿಸು. ನನ್ನ ಹರಳೆಣ್ಣೆ ಬಾಟ್ಲಿಗೆ ಮುಚ್ಚಳ ಇಲ್ಲ.”